ನೋಡದೆ ಬರೆದ ಅರವತ್ತು

“ಸ್ಕ್ರೀನಲ್ಲಿ ಎಷ್ಟು?” ದೋಣಿಯ ಹಿಂಬದಿಯಿಂದ ಅತ್ತೆ ಕೂಗಿದಳು.

“ಅರವತ್ತು!”

“ಕಂಪಾಸಲ್ಲಿ?”

“ಅದೂ ಅರವತ್ತೇ!” ಎನ್ನುತ್ತಾ ಹುಡುಗಿ ನೋಟ್‌ಬುಕ್ಕಿನ ಎರಡೂ ಕಾಲಮ್ಮಿನಲ್ಲಿ ಸರಸರ ಬರೆದಳು. ಕಂಪಾಸಿನ ಕಡೆ ಅವಳು ತಿರುಗಿಯೂ ನೋಡಿರಲಿಲ್ಲ.

ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮನೆಯವರಿಗೆಲ್ಲ ಅವಳು ಗಡಿಬಿಡಿ. ಹಲ್ಲುಜ್ಜುವುದು ಅರ್ಧ, ಹೋಂವರ್ಕ್ ಮುಕ್ಕಾಲು, ಚಪ್ಪಲಿ ಅದಲುಬದಲು.

ಎದುರಿನ ದ್ವೀಪಕ್ಕೆ ಜನರನ್ನು ದಾಟಿಸುವುದು ಅತ್ತೆಯ ಕೆಲಸ. ರಜೆಯಲ್ಲಿ ಗಡಿಬಿಡಿಯೂ ಜೊತೆಗೆ ಬರುತ್ತಿದ್ದಳು. ಅತ್ತೆ ಹಿಂದೆ ಕೂತು ಚುಕ್ಕಾಣಿ ಹಿಡಿಯುತ್ತಾಳೆ. ಮುಂದಿನ ಪುಟ್ಟ ಕ್ಯಾಬಿನ್ನಿನಲ್ಲಿ ಚಾರ್ಟ್‌ಪ್ಲಾಟರ್ ಇದೆ. ದೋಣಿ ಎಲ್ಲಿದೆ, ಬಂಡೆ ಎಲ್ಲಿದೆ, ಯಾವ ದಿಕ್ಕಿಗೆ ಹೊರಟಿದ್ದೇವೆ ಎಂದು ಬಣ್ಣದ ನಕ್ಷೆಯಲ್ಲಿ ತೋರಿಸುವ ಸ್ಕ್ರೀನು ಅದು. ಅದರ ಪಕ್ಕದಲ್ಲೇ ಹಳೇ ಕಂಪಾಸ್. ಗಾಜಿನ ಬಟ್ಟಲಲ್ಲಿ ತೇಲುವ ಬಿಲ್ಲೆ, ಬಿಲ್ಲೆಯ ಮೇಲೆ ದಿಕ್ಕಿನ ಡಿಗ್ರಿ ಹೇಳುವ ಇರುವೆಯಷ್ಟು ಅಂಕಿಗಳು.

ಅತ್ತೆಗೆ ದೂರದಲ್ಲಿ ಹಾರುವ ಹಕ್ಕಿ ಕಾಣುತ್ತದೆ, ಆ ಅಂಕಿ ಕಾಣುವುದಿಲ್ಲ. ಬೇರೆ ದಿನ ಕನ್ನಡಕ ಏರಿಸಿಕೊಂಡು ಎದ್ದು ಬಂದು ನೋಡುತ್ತಾಳೆ. ರಜೆಯಲ್ಲಿ ಅದು ಗಡಿಬಿಡಿಯ ಡ್ಯೂಟಿ. ಐದೈದು ನಿಮಿಷಕ್ಕೊಮ್ಮೆ ಎರಡನ್ನೂ ನೋಡಿ ಬರೆಯಬೇಕು. ಎರಡು ಮೂರು ಡಿಗ್ರಿ ಹೆಚ್ಚುಕಮ್ಮಿ ಇದ್ದರೆ ಪರವಾಗಿಲ್ಲ, ಜಾಸ್ತಿ ಆದರೆ ಕೂಗಿ ಹೇಳಬೇಕು.

“ಸ್ಕ್ರೀನೇ ಎಲ್ಲ ಹೇಳುತ್ತಲ್ಲ ಅತ್ತೆ, ಇದೆಲ್ಲ ಯಾಕೆ?” ಎಂದು ಗಡಿಬಿಡಿ ನೂರು ಸಲ ಕೇಳಿದ್ದಳು.

“ಒಂದು ಕೈಕೊಟ್ಟರೆ ಇನ್ನೊಂದು ಬೇಕಲ್ಲ. ಆ ಇನ್ನೊಂದು ಸರಿ ಇದೆಯಾ ಅಂತ ಮೊದಲೇ ಗೊತ್ತಿರಬೇಕು ಕಣೇ,” ಎಂದು ಅತ್ತೆಯೂ ನೂರು ಸಲ ಹೇಳಿದ್ದಳು.

ಇವತ್ತು ದೋಣಿಯಲ್ಲಿ ನರ್ಸಮ್ಮ ಇದ್ದರು. ದ್ವೀಪದ ಮಕ್ಕಳಿಗೆ ಹಾಕುವ ಲಸಿಕೆಯ ಐಸ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು, ಅಲೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಗಡಿಬಿಡಿಯ ಹೊಸ ಸ್ಪೀಕರ್ ಕ್ಯಾಬಿನ್ನಿನಲ್ಲಿ ಹಾಡು ಹೇಳುತ್ತಿತ್ತು.

ಅರ್ಧ ದಾರಿಯಲ್ಲಿ ಮಂಜು ಕವಿಯಿತು. ಮೊದಲು ದ್ವೀಪ ಮಾಯವಾಯಿತು, ಆಮೇಲೆ ಹಿಂದಿನ ದಡ, ಕೊನೆಗೆ ದೋಣಿಯ ಮೂತಿಯೂ ಕಾಣದಾಯಿತು. ಅದೇ ಹೊತ್ತಿಗೆ ಸ್ಕ್ರೀನು ಒಮ್ಮೆ ಮಿಣುಕಿ ಕಪ್ಪಾಯಿತು. ಗಡಿಬಿಡಿ ಸ್ವಿಚ್ ಒತ್ತಿದಳು, ಮತ್ತೆ ಒತ್ತಿದಳು. ಊಹೂಂ.

“ವೈರ್ ಒಳಗೆ ನೀರು ಹೋಗಿರಬೇಕು, ಬಿಡು. ಹಾಡು ನಿಲ್ಲಿಸು,” ಎಂದಳು ಅತ್ತೆ. “ನೋಟ್‌ಬುಕ್ ಏನು ಹೇಳುತ್ತೆ? ಎರಡೂ ಸರಿ ಹೊಂದಿವೆ ತಾನೆ?”

ಗಡಿಬಿಡಿ ಪುಟ ನೋಡಿದಳು. ಐದು ಸಲ ಅರವತ್ತು, ಪಕ್ಕದಲ್ಲಿ ಐದು ಸಲ ಅರವತ್ತು.

“ಹೂಂ,” ಎಂದಳು ಸಣ್ಣಗೆ.

“ಹಾಗಾದ್ರೆ ಹೆದರಿಕೆ ಇಲ್ಲ. ಈಗ ಕಂಪಾಸ್ ಎಷ್ಟು ತೋರಿಸ್ತಿದೆ?”

ಗಡಿಬಿಡಿ ಅವತ್ತು ಮೊದಲ ಸಲ ಕಂಪಾಸ್ ನೋಡಿದಳು. “ಎಂಬತ್ತೈದು.”

“ಅಯ್ಯೋ, ಮಂಜಲ್ಲಿ ಇಷ್ಟೊಂದು ಬಲಕ್ಕೆ ಬಂದುಬಿಟ್ವಾ!” ಅತ್ತೆ ದೋಣಿಯನ್ನು ಎಡಕ್ಕೆ ತಿರುಗಿಸಿದಳು. ಎಂಬತ್ತು, ಎಪ್ಪತ್ತು, ಅರವತ್ತು. “ಸಾಕು. ಇದೇ ದಿಕ್ಕು. ಎಡಗಡೆ ಹಲ್ಲುಗಳಿವೆ, ಹುಷಾರಾಗಿ ಓದ್ತಿರು.”

ಹಲ್ಲುಗಳೆಂದರೆ ನೀರಿನಿಂದ ಮೊಳದಷ್ಟೇ ಮೇಲೆದ್ದ ಚೂಪು ಬಂಡೆಗಳು. ದೋಣಿಯವರೆಲ್ಲ ಅವನ್ನು ಕರೆಯುವುದೇ ಹಾಗೆ. ಹಲ್ಲಿಗೆ ಸಿಕ್ಕಿದ ದೋಣಿ ಮತ್ತೆ ರಿಪೇರಿಗೂ ಬರುವುದಿಲ್ಲ.

ಐದು ನಿಮಿಷ ಹೀಗೇ ಹೋದರು. ನರ್ಸಮ್ಮ ತಮ್ಮ ಫೋನು ತೆಗೆದು ಕ್ಯಾಬಿನ್ನಿಗೆ ಚಾಚಿದರು. “ಮ್ಯಾಪ್ ಬರುತ್ತಾ ನೋಡಮ್ಮ, ನೆಟ್‌ವರ್ಕ್ ಅಂತೂ ಇಲ್ಲ.”

“ಬೇಡ ಬೇಡ, ಫೋನು ಅಲ್ಲಿಡಬೇಡಿ!” ಅತ್ತೆ ಕೂಗಿದಳು. “ಅದರ ಸ್ಪೀಕರಲ್ಲಿ ಮ್ಯಾಗ್ನೆಟ್ ಇರುತ್ತೆ. ಕಂಪಾಸ್ ಹತ್ತಿರ ಬಂದ್ರೆ ಬಿಲ್ಲೆ ಸುಳ್ಳು ಹೇಳುತ್ತೆ.”

ಗಡಿಬಿಡಿ ಥಟ್ಟನೆ ಕಂಪಾಸಿನ ಪಕ್ಕ ನೋಡಿದಳು.

ಅವಳ ಹೊಸ ಸ್ಪೀಕರ್ ಕಂಪಾಸಿಗೆ ಒರಗಿಕೊಂಡೇ ಕೂತಿತ್ತು. ಹೊರಟಾಗಿನಿಂದ ಅಲ್ಲೇ ಇತ್ತು. ಒಂದೇ ಒಂದು ಸಲ ನೋಡಿ ಬರೆದಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಸದ್ದಿಲ್ಲದೆ ಸ್ಪೀಕರನ್ನು ಜೇಬಿಗೆ ಹಾಕಿಕೊಂಡರೆ? ಯಾರಿಗೂ ತಿಳಿಯುವುದಿಲ್ಲ. ಆದರೆ ಐದು ನಿಮಿಷದಿಂದ ತಪ್ಪು ದಿಕ್ಕಿಗೆ ಹೋಗುತ್ತಿದ್ದೇವೆ ಎಂದು ಅತ್ತೆಗೂ ತಿಳಿಯುವುದಿಲ್ಲ.

“ಅತ್ತೇ, ನಿಲ್ಸು!” ಗಡಿಬಿಡಿ ಕೂಗಿದಳು. “ಕಂಪಾಸ್ ಪಕ್ಕ ನನ್ನ ಸ್ಪೀಕರ್ ಇದೆ. ನಾನು... ನಾನು ಕಂಪಾಸ್ ನೋಡಲೇ ಇಲ್ಲ ಅತ್ತೆ. ಸ್ಕ್ರೀನಿನ ನಂಬರನ್ನೇ ಎರಡು ಕಡೆ ಬರೆದೆ.”

ಎಂಜಿನ್ ನಿಂತಿತು. ಆ ಮೌನದಲ್ಲಿ ಮುಂದೆಲ್ಲೋ ನೀರು ಕಲ್ಲಿಗೆ ಬಡಿದು ಚಿಮ್ಮುವ ಸದ್ದು ಕೇಳಿತು. ನರ್ಸಮ್ಮ ಬಾಕ್ಸನ್ನು ಅವುಚಿಕೊಂಡರು.

ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಗಡಿಬಿಡಿ ಕಾದಳು.

“ಸ್ಪೀಕರನ್ನ ನರ್ಸಮ್ಮನ ಕೈಗೆ ಕೊಡು,” ಎಂದಳು ಅತ್ತೆ. “ಬೇರೆ ಮ್ಯಾಗ್ನೆಟ್ಟು, ಕಬ್ಬಿಣ ಏನಾದ್ರೂ ಇದೆಯಾ ಹತ್ತಿರ?”

ಗಡಿಬಿಡಿ ಸ್ಪೀಕರ್ ಕೊಟ್ಟಳು. ಸ್ಟೀಲಿನ ನೀರಿನ ಬಾಟಲಿ ಕೊಟ್ಟಳು. ತಲೆಯ ಎರಡು ಕ್ಲಿಪ್ಪನ್ನೂ ಕಿತ್ತು ಕೊಟ್ಟಳು. ಬಿಲ್ಲೆ ಮೆಲ್ಲಗೆ ತಿರುಗಿ ನಿಂತಿತು.

“ಮೂವತ್ತೈದು.”

“ಅಂದ್ರೆ ಮೊದಲಿನ ದಿಕ್ಕೇ ಸರಿ ಇತ್ತು, ತಿರುಗಿಸಿಕೊಂಡು ನೇರ ಹಲ್ಲಿನ ಬಾಯಿಗೇ ಹೊರಟಿದ್ವಿ. ಸರಿ, ಬಂದ ದಾರಿಯಲ್ಲೇ ಐದು ನಿಮಿಷ ವಾಪಸ್. ನಾನು ತಿರುಗಿಸ್ತೀನಿ. ಮೂವತ್ತೈದರ ಎದುರು ದಿಕ್ಕು ಇನ್ನೂರ ಹದಿನೈದು, ಅದು ಬಂದ ಕೂಡಲೇ ಹೇಳು.”

ಗಡಿಬಿಡಿ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು. ಹುಟ್ಟಿದಾಗಿನಿಂದ ಅವಳು ಯಾವುದನ್ನೂ ಅಷ್ಟು ನಿಧಾನವಾಗಿ ಓದಿರಲಿಲ್ಲ. “ನೂರಾ ತೊಂಬತ್ತು... ಇನ್ನೂರು... ಇನ್ನೂರ ಹದಿನೈದು!” ನರ್ಸಮ್ಮ ವಾಚು ನೋಡಿ ಐದು ನಿಮಿಷ ಎಣಿಸಿದರು. ಆಮೇಲೆ ಮತ್ತೆ ತಿರುಗಿ, ನಿಜವಾದ ಅರವತ್ತು. ನೀರು ಬಡಿಯುವ ಸದ್ದು ಹಿಂದೆ ಬಿದ್ದು, ಕೊನೆಗೆ ದ್ವೀಪದ ಕಟ್ಟೆಯ ಮೇಲೆ ಯಾರೋ ಬಾರಿಸುತ್ತಿದ್ದ ಗಂಟೆ ಕೇಳಿಸಿತು.

“ದೊಡ್ಡ ಉಪಕಾರ ಆಯ್ತಮ್ಮ,” ಎಂದು ಇಳಿಯುವಾಗ ನರ್ಸಮ್ಮ ಅತ್ತೆಯ ಕೈ ಹಿಡಿದರು. ಗಡಿಬಿಡಿಯ ತಲೆ ಸವರಿ ಸ್ಪೀಕರ್, ಬಾಟಲಿ, ಕ್ಲಿಪ್ಪುಗಳನ್ನು ವಾಪಸ್ ಕೊಟ್ಟು ಹೋದರು.

ದೋಣಿಯಲ್ಲಿ ಇಬ್ಬರೇ ಉಳಿದರು.

“ಬೈಯಲ್ವಾ ಅತ್ತೆ?”

“ಬೈತೀನಿ. ಮೊದಲು ಕೈಕಾಲು ನಡುಗೋದು ನಿಲ್ಲಲಿ,” ಎಂದಳು ಅತ್ತೆ. ಆಗಲೇ ಗಡಿಬಿಡಿ ಗಮನಿಸಿದ್ದು, ಅತ್ತೆಯ ಕೈ ನಿಜಕ್ಕೂ ನಡುಗುತ್ತಿತ್ತು.

ಗಡಿಬಿಡಿಗೆ ಮಂಜಿನೊಳಗಿನ ಅಷ್ಟೂ ಹೊತ್ತು ನೆನಪಾಯಿತು. ಅತ್ತೆಗೆ ಮುಂದೇನೂ ಕಾಣುತ್ತಿರಲಿಲ್ಲ. ಗಡಿಬಿಡಿ ಒಂದೊಂದು ನಂಬರ್ ಹೇಳಿದಾಗಲೂ ಅತ್ತೆ ಅದರಂತೆಯೇ ಚುಕ್ಕಾಣಿ ತಿರುಗಿಸಿದ್ದಳು. ನೋಡದೆ ಬರೆದೆ ಎಂದು ಒಪ್ಪಿಕೊಂಡ ಮೇಲೂ, ಒಂದೇ ಒಂದು ಸಲವೂ “ನಿಜ ತಾನೇ?” ಎಂದು ಕೇಳಿರಲಿಲ್ಲ.

“ಅತ್ತೇ, ಥ್ಯಾಂಕ್ಸ್.”

“ಯಾಕೇ?”

ಗಡಿಬಿಡಿ ಅತ್ತೆಯ ನಡುಗುವ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಅದು ನಿಲ್ಲುವವರೆಗೂ ಪಕ್ಕದಲ್ಲೇ ಕೂತಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.