ಸಾಲು ಯಾರದೋ ಮನೆ ಅವರದು

ಅವಳು ಅವನ ಕೈ ಹಿಡಿದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ.

ಆಗಷ್ಟೇ ಬೆಳಕು ಹರಿಯುತ್ತಿತ್ತು. ರಬ್ಬರ್ ಮರದ ಮುಂದೆ ಮಂಡಿಯೂರಿ ಕೂತಿದ್ದವನು ತೋಟದ ಗಾಯದ ಮೇಸ್ತ್ರಿ. ಹಾಲು ಇಳಿಸಲು ತೊಗಟೆಯನ್ನು ತೆಳ್ಳಗೆ ಗೀರಬೇಕು. ಚಾಕು ಆಳಕ್ಕಿಳಿದು ಮರಕ್ಕೆ ಗಾಯವಾದರೆ ಅದನ್ನು ಹುಡುಕಿ ತೋಟದ ದೊರೆಗೆ ಹೇಳುವುದೇ ಇವನ ಕೆಲಸ. ಹಾಗಾಗಿ ಇವನನ್ನು ಕಂಡರೆ ಕೂಲಿ ಲೈನಿನ ಮನೆಯವರಿಗೆಲ್ಲ ಅಷ್ಟಕ್ಕಷ್ಟೇ.

ಈಗ ಅವಳ ಅಪ್ಪ ಗೀರುವ ಸಾಲಿನ ಮರಕ್ಕೆ ಹಸಿಮಣ್ಣು ಮೆತ್ತುತ್ತಿದ್ದ.

"ಗುರುತು ಹಾಕ್ತಿದ್ದೀರಾ? ನಾಳೆ ದೊರೆ ಬಂದಾಗ ಹುಡುಕೋ ಕಷ್ಟ ಬೇಡ ಅಂತ?"

ಅವನು ಕೈ ಬಿಡಿಸಿಕೊಳ್ಳಲಿಲ್ಲ. "ನಿಮ್ಮಪ್ಪನ ಕೈ ಯಾವಾಗಿಂದ ನಡುಗ್ತಿದೆ?"

ಅವಳು ಕೈ ಬಿಟ್ಟಳು. ಇವನಿಗೆ ಗೊತ್ತಾಗಿಹೋಯಿತು...

ಮೂರು ತಿಂಗಳಿಂದ ಮುಚ್ಚಿಟ್ಟಿದ್ದ ಗುಟ್ಟು ಅದು. ಆ ತೋಟದಲ್ಲಿ ಸಾಲು ಯಾರದೋ ಲೈನ್ ಮನೆ ಅವರದು. ಗೀರುವ ಕೈ ಹೋದರೆ ಸಾಲು ಹೋಯಿತು, ಸಾಲು ಹೋದರೆ ಅಂದೇ ಪಾತ್ರೆ ಪಡಗ ಬೀದಿಗೆ. ಹೆಂಗಸರ ಕೈಗೆ ಚಾಕು ಕೊಡುವುದಿಲ್ಲ, ಇಲ್ಲದಿದ್ದರೆ ತಾನೇ ಗೀರುತ್ತಿದ್ದಳು.

ತಿರುಗಿ ಹೊರಟುಬಂದಳು. ದಿನವಿಡೀ ಅವನಿಗೆ ಹಿಡಿಶಾಪ ಹಾಕಿದಳು. ಆದರೆ ಮನಸ್ಸೆಂಬುದು ಹೇಳಿದ ಮಾತು ಕೇಳುತ್ತದೆಯೇ? ಹೋದ ವರ್ಷ ತನ್ನ ಕೈಯಿಂದ ಜಾರಿದ ರಬ್ಬರ್ ಹಾಲಿನ ಕ್ಯಾನನ್ನು ಹಿಡಿದುಕೊಟ್ಟು ಅವನು ತಲೆ ತಗ್ಗಿಸಿ ಹೋದದ್ದೇ ಮತ್ತೆ ಮತ್ತೆ ನೆನಪಾಗಿ ತನ್ನ ಮೇಲೇ ರೇಗಿತು.

ಮರುದಿನ ದೊರೆ ಬಂದ. ಅಪ್ಪನ ಸಾಲಿನ ಮರಗಳನ್ನು ಕೋಲಿನಿಂದ ಕೆರೆದ. ಮಣ್ಣು ಉದುರಿತು. ಒಂದು, ಎರಡು... ಏಳು ಗಾಯ. ಯಾರೋ ಬೇಕೆಂದೇ ಮುಚ್ಚಿದ್ದಾರೆ, ಇದು ಯಾರ ಕೈ ಎಂದು ಗದರಿದ.

ಅಪ್ಪ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಮುಂದೆ ಬಂದ.

"ನನ್ನದು ಸ್ವಾಮಿ. ಹೊಸ ಚಾಕು ನೋಡೋಣ ಅಂತ ಗೀರಿದೆ. ಭಯಕ್ಕೆ ಮುಚ್ಚಿಟ್ಟೆ."

ಅಯ್ಯೋ, ನಿನ್ನೆ ಮೆತ್ತಿದ್ದು ಗುರುತಲ್ಲ... ಗಾಯ ಮುಚ್ಚಿದ್ದು! ಅವಳಿಗೆ ಈಗ ಅರ್ಥವಾಯಿತು.

ದೊರೆ ಅವನ ಮೇಸ್ತ್ರಿಗಿರಿ ಕಿತ್ತುಕೊಂಡ. ಅವಳ ಅಪ್ಪನ ನಡುಗುವ ಕೈಯೂ ದೊರೆಯ ಕಣ್ಣಿಗೆ ಬಿತ್ತು. ಕೆಡಿಸಿದ ಸಾಲನ್ನು ನಾಳೆಯಿಂದ ನೀನೇ ಗೀರು ಎಂದು ಮೇಸ್ತ್ರಿಗೆ ಹೇಳಿ ಕುದುರೆ ಹತ್ತಿದ.

ಸಾಲು ಅವನದಾಯಿತು. ಎಂದರೆ ಮನೆಯೂ.

ಪಕ್ಕದ ಮನೆ ಅತ್ತೆಯ ನಾಲಿಗೆಗೆ ಕೆಲಸ ಸಿಕ್ಕಿತು. ಒಂಟಿ ಗಂಡಸು, ಮನೆಗೋಸ್ಕರವೇ ಈ ನಾಟಕ ಆಡಿದ್ದಾನೆ ಎಂದಳು. ಇವಳು ನಂಬಲಿಲ್ಲ, ನಂಬದಿರಲೂ ಆಗಲಿಲ್ಲ. ಸುಮ್ಮನೆ ಪಾತ್ರೆ ಗಂಟು ಕಟ್ಟಿದಳು.

ಸಂಜೆ ಅವನು ಬರಿಗೈಯಲ್ಲಿ ಬಂದು ಹೊಸಿಲಾಚೆ ನಿಂತ.

"ಮನೆ ಖಾಲಿ ಮಾಡ್ತಿದ್ದೀವಿ" ಎಂದಳು, ಮುಖ ನೋಡದೆ.

"ಯಾರು ಮಾಡು ಅಂದ್ರು? ನಾನು ರಬ್ಬರ್ ಹಾಳೆ ಒಣಗಿಸೋ ಹೊಗೆಮನೆ ಜಗಲೀಲಿ ಮಲಗ್ತೀನಿ."

"ನೀವಿಲ್ಲದ ಮನೇಲಿ ನಮ್ಮನ್ನ ಇರೋಕೆ ಬಿಡ್ತಾರಾ?"



"ಬಿಡಲ್ಲ. ಮನೇಲಿ ಯಾರ್ಯಾರು ಇರ್ತಾರೆ ಅಂತ ತೋಟದ ಗುಮಾಸ್ತರು ಕೇಳಿದ್ರು. ಸಂಬಂಧ ಇದ್ದವರು ಮಾತ್ರ ಇರಬಹುದಂತೆ. ಉತ್ತರ ಕೊಡದೆ ಬಂದೆ... ನಿನ್ನ ಕೇಳದೆ ಹೇಗೆ ಹೇಳಲಿ?"

ಅವಳ ಕೈಯಲ್ಲಿದ್ದ ಗಂಟು ಸಡಿಲಾಯಿತು.

"ಕೆಲಸ ಕಳ್ಕೊಂಡ್ರಲ್ಲ... ಯಾಕೆ?"

"ಎರಡು ವರ್ಷದಿಂದ ಈ ಸಾಲಿಗೆ ಬರೋಕೆ ನೆಪ ಹುಡುಕ್ತಿದ್ದೆ. ಸಿಕ್ಕಿದ್ದು ಗಾಯ."

ಒಳಗಿಂದ ಅಪ್ಪ ಕೆಮ್ಮಿದ. "ಹೊಸಿಲಲ್ಲಿ ನಿಂತು ಎಂಥ ಮಾತು? ಒಳಗೆ ಕರಿ ಮಗಳೇ."

ಅವಳು ಕಣ್ಣೊರೆಸಿಕೊಂಡು ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಗುಮಾಸ್ತರಿಗೆ ಹೇಳಿ... ಮಾವ ಒಬ್ಬರು, ಹೆಂಡತಿ ಒಬ್ಬಳು ಅಂತ."

ಅವನು ಹೊಸಿಲು ದಾಟಿ ಒಳಗೆ ಬಂದ. ಅವಳೇ ಮುಂದುವರಿಸಿದಳು.

"ಇಷ್ಟು ವರ್ಷ ಊರವರ ಗಾಯ ಎಣಿಸಿದಿರಿ. ಗೀರೋಕೆ ಬರುತ್ತಾ?"

"ಬರಲ್ಲ."

"ಗೊತ್ತಿತ್ತು" ಎಂದು ನಕ್ಕಳು. "ಅಪ್ಪ ಹೇಳಿಕೊಡ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ."