ಕನಸಿನ ಗಸಿ

ಮೈಲಾರಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದ. ತಲೆಗೆ ಜೇನುಗೂಡಿನ ಹಾಗೆ ತೂತುತೂತಾದ ಒಂದು ಟೋಪಿ. ಅದರ ಒಳಮೈಯಲ್ಲಿದ್ದ ಸಾಸಿವೆಯಷ್ಟು ಸಣ್ಣ ಗುಂಡಿಗಳು ಅವನ ಬೋಳಿಸಿದ ನೆತ್ತಿಗೆ ತಣ್ಣಗೆ ಅಂಟಿಕೊಂಡಿದ್ದವು. ಹೊರಗೆ ದಾವಣಗೆರೆಯ ಮಟಮಟ ಮಧ್ಯಾಹ್ನ. ಒಳಗೆ ಗೋಡೆಗಳಿಗೆಲ್ಲ ಮುಸ್ಸಂಜೆಯ ಬಣ್ಣ, ಎಲ್ಲಿಂದಲೋ ನೀರು ಹರಿಯುವ ಸದ್ದು. ನಿದ್ದೆ ಅವನ ಕಾಲ್ಬೆರಳಿನಲ್ಲಿ ಶುರುವಾಗಿ ಮೆಲ್ಲಗೆ ಮೇಲೇರಿತು. ಟೋಪಿಯ ಅಂಚಿನ ದೀಪ ಹಳದಿ ಕಳೆದು ನೀಲಿಯಾಯಿತು. ಕನಸು ಶುರುವಾಗಿತ್ತು.

ಗಾಜಿನ ಆಚೆ ಕೂತಿದ್ದ ಡಾಕ್ಟರ್ ನಿರುಪಮಾ ತಮ್ಮ ಮುಂದಿನ ಪರದೆಯನ್ನು ನೋಡುತ್ತಿದ್ದರು. ಮೈಲಾರಪ್ಪನ ರೆಪ್ಪೆಯ ಕೆಳಗೆ ನಡೆಯುತ್ತಿದ್ದದ್ದು ಅವರಿಗೆ ಕಾಣುತ್ತಿತ್ತು. ಅವನಿಗೆ ಮಾತ್ರ, ಎದ್ದ ಮೇಲೆ, ಏನೂ ನೆನಪಿರುತ್ತಿರಲಿಲ್ಲ. ತಲೆ ತೊಳೆದು ಬೋರಲು ಹಾಕಿದ ಪಾತ್ರೆಯಂತೆ ಖಾಲಿ.

"ಇವತ್ತೇನು ಕಂಡೆ ಮೇಡಂ?" ಎಂದು ದಿನವೂ ಕೇಳುತ್ತಿದ್ದ.

"ಹೇಳೋ ಹಾಗಿಲ್ಲ ಮೈಲಾರಪ್ಪ. ನಿದ್ದೆ ನಿಮ್ಮದು, ಕನಸು ಕಂಪನಿಯದು."

ಅವನು ತಲೆಯಾಡಿಸಿ ಚಪ್ಪಲಿ ಮೆಟ್ಟುತ್ತಿದ್ದ. ಇದೇನು ಅವನಿಗೆ ಹೊಸದಲ್ಲ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವಾಗಲೂ ಉರಿ ಅವನದು, ಮಂಡಕ್ಕಿ ಸಾವುಕಾರನದು.

ಭಟ್ಟಿಗಳ ಕೆಲಸವನ್ನೆಲ್ಲ ಯಂತ್ರಗಳು ನುಂಗಿದ ವರ್ಷ 'ನಗೆಮನೆ' ಎಂಬ ಕಂಪನಿ ಊರಿಗೆ ಬಂದಿತ್ತು. ಮಕ್ಕಳಿಂದ ದೂರವಿರುವ, ವಿಚ್ಛೇದನವಾದ ಗಂಡಸರು ಬೇಕು. ಕೆಲಸ ಮಲಗುವುದು ಎಂದು ಪ್ರಕಟಣೆ ಕೊಟ್ಟಿತ್ತು. ಕೇರಿಯವರು ಬಿದ್ದು ಬಿದ್ದು ನಕ್ಕರು. ಮೈಲಾರಪ್ಪ ನಗಲಿಲ್ಲ. ಮಗಳು ರಮಾಳ ಶಾಲೆ ನಡೆಯಬೇಕಿತ್ತು. ಹೋಗಿ ಮಲಗಿದ.

ಅವನ ತಲೆಯ ಮೇಲಿದ್ದದ್ದು ಕನಸುಗ್ರಾಹಿ. ಮಲಗಿದವನ ಮೆದುಳಿನಿಂದ ಹೊರಡುವ ಸೂಕ್ಷ್ಮ ವಿದ್ಯುತ್ ಅಲೆಗಳು ನೆನಪಾಗಿ ಹೆಪ್ಪುಗಟ್ಟುವ ಮೊದಲೇ ಅದು ಅವನ್ನು ಹೀರಿಕೊಳ್ಳುತ್ತಿತ್ತು. ಅಲ್ಲಿಂದ ಅಲೆಗಳು ಸ್ವಪ್ನಶೋಧಕ ಎಂಬ ದೊಡ್ಡ ಯಂತ್ರಕ್ಕೆ ಹೋಗುತ್ತಿದ್ದವು. ಕಾಫಿ ಸೋಸುವ ಬಟ್ಟೆ ನೆನಪಿಗೆ ತಂದುಕೊಂಡರೆ ಸಾಕು, ಶೋಧಕದ ಕೆಲಸ ಅಷ್ಟೇ. ಕನಸಿನಲ್ಲಿ ನಗೆ ಹುಟ್ಟಿಸುವ ಭಾಗ ತಿಳಿಯಾಗಿ ಒಂದು ಕಡೆ ಇಳಿಯುತ್ತಿತ್ತು. ಅದಕ್ಕೆ ನಗೆರಸ ಎಂದು ಹೆಸರು. ನೋವು, ಹಂಬಲ, ನಾಚಿಕೆ ಇವೆಲ್ಲ ಕೆಳಗೆ ಉಳಿಯುತ್ತಿದ್ದವು. ಅದಕ್ಕೆ ಎಂಜಿನಿಯರುಗಳು ಗಸಿ ಎನ್ನುತ್ತಿದ್ದರು.

ನಗೆರಸದಿಂದ ತಯಾರಾಗುತ್ತಿದ್ದದ್ದೇ 'ಭಾನುವಾರದಪ್ಪ' ಎಂಬ ಹಾಸ್ಯ ಧಾರಾವಾಹಿ. ಅದರ ನಾಯಕ ಗಿರಿಧರ ಎತ್ತರದ ಕಟ್ಟಡದ ತುದಿಯಲ್ಲಿ ವಾಸಿಸುವ, ಬೆವರೇ ಬಾರದ ವಿಚ್ಛೇದಿತ. ಪ್ರತಿ ಭಾನುವಾರ ಬಾಗಿಲ ಗಂಟೆ ಮೊಳಗುತ್ತದೆ, ಮಗಳು ಬರುತ್ತಾಳೆ. ಅಪ್ಪ ಉಪ್ಪಿಟ್ಟು ಸೀಯಿಸುತ್ತಾನೆ, ಮಗಳು ಮೂಗು ಹಿಡಿಯುತ್ತಾಳೆ. ಕೆಲಸದ ಸಿದ್ದಿಂಗ ಎಂಬುವನು ಬಕೆಟ್ಟಿಗೆ ಕಾಲಿಟ್ಟು ಬೀಳುತ್ತಾನೆ. ಬೀಳಲು ಯಾವಾಗಲೂ ಅವನೇ ಸಿಗುತ್ತಾನೆ. ಸಂಜೆ ಮಾಜಿ ಹೆಂಡತಿ ಬಾಗಿಲಲ್ಲಿ ನಿಂತು ಒಂದು ಚುಚ್ಚುಮಾತು ಎಸೆಯುತ್ತಾಳೆ. ಎಲ್ಲರೂ ನಗುತ್ತಾರೆ. ಮುಂದಿನ ವಾರ ಮತ್ತೆ ಗಂಟೆ, ಮತ್ತೆ ಉಪ್ಪಿಟ್ಟು. ಯಾರೂ ಬೆಳೆಯುವುದಿಲ್ಲ, ಯಾರೂ ಒಂದಾಗುವುದಿಲ್ಲ, ಯಾರಿಗೂ ಏನೂ ನೋಯುವುದಿಲ್ಲ. ಹೊಸ ಟಿವಿಗಳಲ್ಲಿ ಚಿತ್ರದ ಜೊತೆ ನಗೆರಸದ ಅಲೆಯೂ ಹೊರಸೂಸುತ್ತಿದ್ದುದರಿಂದ ಸೋಫಾದ ಮೇಲೆ ಕೂತವರು ಕಾರಣ ಗೊತ್ತಿಲ್ಲದೆಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಂದು ಕಂತಿನಲ್ಲಿ ಗಿರಿಧರ ಮಗಳಿಗೆ ಜಡೆ ಹಾಕಿ, ತುದಿಗೆ ಚೀಲ ಬಿಗಿಯುವ ಗಂಟು ಹಾಕಿದ. ಎಷ್ಟು ಎಳೆದರೂ ಬಿಚ್ಚಲಿಲ್ಲ. ಕೊನೆಗೆ ಸಿದ್ದಿಂಗ ಕುಡುಗೋಲು ಹಿಡಿದು ಬಂದ. ಊರಿಗೆ ಊರೇ ನಕ್ಕಿತು.

ಊರ ಹೊರಗೆ, ರಮಾ ಅವ್ವನ ಜೊತೆ ಇದ್ದ ಸುಣ್ಣದಗೂಡು ಕಾಲೋನಿಯ ಹಳೇ ಟಿವಿಗಳಿಂದ ಯಾವ ಅಲೆಯೂ ಬರುತ್ತಿರಲಿಲ್ಲ, ಬರೀ ಚಿತ್ರ. ಆದರೂ ಅಲ್ಲಿನ ಮಕ್ಕಳು ಆ ಗಂಟನ್ನು ಗುರುತು ಹಿಡಿದರು. ಜೀವಮಾನವಿಡೀ ಮಂಡಕ್ಕಿ ಚೀಲ ಕಟ್ಟಿದ ಮೈಲಾರಪ್ಪನಿಗೆ ಬರುತ್ತಿದ್ದದ್ದು ಅದೊಂದೇ ಗಂಟು. ಮಗಳನ್ನು ನೋಡಲು ನ್ಯಾಯಾಲಯ ಕೊಟ್ಟ ಮೊದಲ ಭಾನುವಾರ ಅವನು ರಮಾಳಿಗೆ ಜಡೆ ಹಾಕಿ ಅದೇ ಗಂಟು ಬಿಗಿದಿದ್ದ. ಅವಳ ಅವ್ವ ಕತ್ತರಿ ತಗೊಂಡು ಜಡೆಯ ತುದಿಯನ್ನೇ ಕತ್ತರಿಸಬೇಕಾಗಿತ್ತು. ಈಗ ಶಾಲೆಯಲ್ಲಿ ರಮಾ 'ಚೀಲದ ಹುಡುಗಿ' ಆದಳು. ಅವಳು ಭಾನುವಾರ ಬರುವುದನ್ನೇ ಬಿಟ್ಟಳು. ಅಪ್ಪ ಟಿವಿಯಲ್ಲಿ ಬರ್ತಾನಲ್ಲ, ಅಲ್ಲೇ ನೋಡ್ಕೊಳ್ತೀನಿ ಅಂದಳಂತೆ.

ಮೈಲಾರಪ್ಪ ಮರುಮಾತಾಡಲಿಲ್ಲ. ಅವನ ಸಂಸಾರ ಮುರಿದದ್ದೂ ಹೀಗೆಯೇ. ಕುಡಿತವಿಲ್ಲ, ಹೊಡೆತವಿಲ್ಲ, ಮಾತೂ ಇಲ್ಲ. ಹನ್ನೆರಡು ವರ್ಷ ಗೋಡೆಯ ಜೊತೆ ಬಾಳಿದೆ, ಇನ್ನು ಸಾಕು ಎಂದು ಹುಲಿಗೆಮ್ಮ ನ್ಯಾಯಾಧೀಶರ ಮುಂದೆ ಹೇಳಿದ್ದಳು. ಭಾನುವಾರ ಬಂದರೆ ಬಾಗಿಲು ತೆರೆದಿಟ್ಟು ಹೊಸ್ತಿಲ ಮೇಲೆ ಕೂರುತ್ತಿದ್ದ. ಕತ್ತಲಾದ ಮೇಲೆ ಏಳುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಅವನು ನಿದ್ದೆ ಮುಗಿಸಿ ಹೊರಬಂದರೆ ಗೇಟಿನಲ್ಲಿ ಹುಲಿಗೆಮ್ಮ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಹಾಗೆ ಸಿಕ್ಕಿಸಿದಳೆಂದರೆ ಜಗಳ ಎಂದೇ ಅರ್ಥ.

"ಒಂದೇ ಸೂರಿನ ಕೆಳಗಿದ್ದಾಗ ತುಟಿ ಬಿಚ್ಚಲಿಲ್ಲ. ಈಗ ಕಂಡೋರ ನಿದ್ದೇಲೆಲ್ಲ ಬಂದು ಅಳ್ತೀಯಲ್ಲ, ನಾಚಿಕೆ ಆಗಲ್ವ ನಿಂಗೆ?"

"ನಾನೆಲ್ಲಿ ಬಂದೆ?"

"ಎಲ್ಲಿ ಬಂದಿಲ್ಲ ಅಂತ ಕೇಳು."

ಅವಳು ಹೇಳಿದ್ದನ್ನು ಕೇಳಿ ಅವನು ಗೇಟಿನ ಕಂಬ ಹಿಡಿದುಕೊಂಡ. ಇಡೀ ಕಾಲೋನಿ ಅವನ ಕನಸು ಕಾಣುತ್ತಿತ್ತು. ಕೊನೇಮನೆ ಬಸಜ್ಜಿ ನಿದ್ದೆಯಲ್ಲಿ ಯಾವುದೋ ಜಡೆಯ ಗಂಟನ್ನು ಬಿಚ್ಚುತ್ತಾಳಂತೆ, ಮಗುವಿಗೆ ನೋಯಬಾರದೆಂದು ಉಸಿರು ಬಿಗಿಹಿಡಿದು, ಬೆಳಕು ಹರಿಯುವವರೆಗೂ. ಟ್ಯಾಂಕರ್ ಓಡಿಸುವವನ ಕೈಯಲ್ಲಿ ಪುಟ್ಟ ಕೈಯೊಂದು ಇರುತ್ತದಂತೆ, ತಿರುಗಿ ನೋಡಿದರೆ ಬರೀ ಬಿಸಿ ಮಂಡಕ್ಕಿ. ಮದುವೆಯೇ ಆಗದ ಟೈಲರ್ ನಾಗ್ಯಾ ಬೆಳಗ್ಗೆ ಎದ್ದು ನನ್ನ ಮಗಳೆಲ್ಲಿ ಅಂತ ಮಂಚದ ಕೆಳಗೆಲ್ಲ ಹುಡುಕಿದನಂತೆ. ಮೊದಮೊದಲು ಒಬ್ಬರಿಗೊಬ್ಬರು ಹೇಳಿಕೊಳ್ಳಲು ನಾಚಿದರು. ಆಮೇಲೆ ನಲ್ಲಿ ಹತ್ತಿರ ಬಾಯಿ ಬಿಟ್ಟರೆ ಎಲ್ಲರದ್ದೂ ಒಂದೇ ಕನಸು. ಅದರಲ್ಲಿ ನಗೋದು ಒಂದೂ ಇಲ್ಲ ಅಂದಳು ಹುಲಿಗೆಮ್ಮ.

"ರಮಾ?" ಎಂದ ಮೈಲಾರಪ್ಪ.

ಅವಳ ದನಿ ಇಳಿಯಿತು. "ಅವಳೇನೂ ಹೇಳಲ್ಲ. ನಿನ್ನ ಮಗಳಲ್ವ. ಬೆಳಗ್ಗೆ ದಿಂಬು ಒದ್ದೆ ಇರ್ತೈತೆ."

ಗದ್ದಲ ಕೇಳಿ ಡಾಕ್ಟರ್ ನಿರುಪಮಾ ಹೊರಗೆ ಬಂದಿದ್ದರು. ಇಬ್ಬರನ್ನೂ ಒಳಗೆ ಕರೆದು, ಸಂಜೆಯ ಬಣ್ಣದ ಆ ಕೋಣೆಯಲ್ಲಿ ಕೂರಿಸಿ, ತಮಗೆ ಗೊತ್ತಿದ್ದದ್ದನ್ನು ಬಿಡಿಸಿ ಹೇಳಿದರು. ಅಲೆಯನ್ನು ಸೋಸಬಹುದು, ಇಲ್ಲವಾಗಿಸಲು ಆಗುವುದಿಲ್ಲ. ಫ್ರಿಜ್ಜಿನ ಒಳಗೆ ತಂಪಾಗಬೇಕಾದರೆ ಅದರ ಬೆನ್ನಿನಿಂದ ಬಿಸಿ ಹೊರಬೀಳಲೇಬೇಕು. ಹಾಗೆಯೇ ನಗೆರಸ ಇಳಿಯಬೇಕಾದರೆ ಗಸಿಯನ್ನು ಎಲ್ಲಾದರೂ ಹೊರಹಾಕಲೇಬೇಕು. ಅದಕ್ಕೆಂದು ಊರ ಹೊರಗೆ ಒಂದು ವಿಸರ್ಜನಾ ಕಂಬ ನೆಟ್ಟು, ದಿನದ ಗಸಿಯನ್ನು ರಾತ್ರಿ ಹೊತ್ತು ಬಿಡುತ್ತಾರೆ. ಬಯಲಿನಲ್ಲಿ ಬಿಟ್ಟ ಅಲೆ ಗಾಳಿಗೆ ಚದುರಿ ಹೋಗುತ್ತದೆ. ಆದರೆ ಸುತ್ತ ಮಲಗಿದವರಿದ್ದರೆ ಅವರ ನಿದ್ದೆಯೊಳಗೆ ಇಳಿಯುತ್ತದೆ.

"ಆ ಮೊಬೈಲ್ ಟವರ್ ಅಂದುಕೊಂಡಿದ್ವಲ್ಲ, ಅದಾ?" ಎಂದಳು ಹುಲಿಗೆಮ್ಮ. "ನಮ್ಮ ನಲ್ಲಿ ಪಕ್ಕದ್ದು?"

"ನಕ್ಷೆಯಲ್ಲಿ ಅಲ್ಲಿ ಜನವಸತಿ ಇಲ್ಲ ಅಂತ ಇದೆ ಅಮ್ಮ." ಡಾಕ್ಟರ್ ಪರದೆಯ ಮೇಲೆ ನಕ್ಷೆ ತೆರೆದು ತೋರಿಸಿದರು. ಕಾಲೋನಿ ಇರಬೇಕಾದ ಜಾಗದಲ್ಲಿ ನುಣ್ಣನೆಯ ಹಳದಿ ಬಣ್ಣ. ಒಂದು ಗೆರೆಯೂ ಇಲ್ಲ.

ಹುಲಿಗೆಮ್ಮ ಆ ಹಳದಿಯ ಮೇಲೆ ಬೆರಳಿಟ್ಟಳು. "ಹಕ್ಕುಪತ್ರ ಕೊಡದೆ ಇದ್ರೆ ಜನ ಇಲ್ಲ ಅಂತ ಆಗ್ತೈತಾ ಡಾಕ್ಟ್ರಮ್ಮ? ಓಟಿಗೆ ಬರೋರಿಗೆ ಚೆನ್ನಾಗೇ ಕಾಣ್ತೀವಲ್ಲ. ಊರಿನ ಹೊಲಸೆಲ್ಲ ನಮ್ಮ ಕಡೆಗೇ ಹರಿಯೋದು ನಮ್ಮಜ್ಜನ ಕಾಲದಿಂದ್ಲೂ ಇದ್ದದ್ದೇ. ನಗೋದನ್ನ ನೀವಿಟ್ಕೊಂಡು ಈಗ ಅಳೋದನ್ನೂ ನಮ್ಮ ಕಡೆಗೇ ಬಿಟ್ರಾ?"

ಡಾಕ್ಟರ್ ನಿರುಪಮಾ ನಕ್ಷೆ ಮುಚ್ಚಿದರು. ತಾವು ಕಂಡುಹಿಡಿದ ಯಂತ್ರಕ್ಕೆ ಬೆನ್ನೊಂದಿದೆ ಎಂದು ಅವರಿಗೆ ಗೊತ್ತಿತ್ತು. ಆ ಬೆನ್ನಿನ ಹಿಂದೆ ಯಾರು ಮಲಗಿದ್ದಾರೆ ಎಂದು ಹೋಗಿ ನೋಡಿರಲಿಲ್ಲ. ಅಂದು ಸಂಜೆ ಅವರು ಮೊದಲ ಸಲ ಕಾಲೋನಿಗೆ ನಡೆದು ಹೋದರು. ಬಸಜ್ಜಿ ಅವರಿಗೆ ಚಾ ಕೊಟ್ಟು, ಪಾಪ ಆ ಗಂಟು ಬಿಚ್ಚೋದಕ್ಕೆ ಯಂತ್ರದಲ್ಲಿ ಏನೂ ಇಲ್ಲವಾ ತಾಯಿ ಎಂದು ಕೇಳಿದಳು.

ಕಂಪನಿಯವರು ಬಂದರು. ತಪ್ಪಾಯಿತೆಂದು ಒಪ್ಪಿಕೊಳ್ಳದೆಯೇ, ಕಂಬವನ್ನು ಇನ್ನೂ ದೂರದ ಖಾಲಿ ಜಾಗಕ್ಕೆ ಸಾಗಿಸುತ್ತೇವೆ ಎಂದರು. ಕಾಲೋನಿಯವರು ಕಂಬದ ಬುಡದಲ್ಲಿ ಚಾಪೆ ಹಾಸಿ ಕೂತರು. ಹೆಂಗಸರು ಮುಂದೆ, ಗಂಡಸರು ಹಿಂದೆ, ಬಸಜ್ಜಿ ಕಂಬಕ್ಕೇ ಒರಗಿಕೊಂಡು. ಆ ಖಾಲಿ ಜಾಗದಲ್ಲಿ ಯಾರಿದ್ದಾರೆ ಅಂತ ಮೊದಲು ಹೋಗಿ ನೋಡಿಕೊಂಡು ಬನ್ನಿ ಅಂದರು. ಕಂಬ ಎಲ್ಲಿಗೂ ಹೋಗೋದು ಬೇಡ, ಸೋಸೋದನ್ನು ನಿಲ್ಲಿಸಿ. ಒಬ್ಬ ಮನುಷ್ಯನ ಕನಸನ್ನು ಎರಡು ಪಾಲು ಮಾಡಿ ಸಿಹಿ ಮೇಲ್ಗಡೆಯವರಿಗೆ, ಕಹಿ ಕೆಳಗಡೆಯವರಿಗೆ ಅಂತ ಹಂಚೋದಕ್ಕೆ ನೀವ್ಯಾರು? ತೋರಿಸೋದಾದರೆ ಇಡಿಯಾಗಿ ತೋರಿಸಿ.

ಕಂಪನಿ ನಕ್ಕಿತು. ಡಾಕ್ಟರ್ ನಿರುಪಮಾ ನಗಲಿಲ್ಲ. ಶನಿವಾರ ಸಂಜೆ ಅವರು ಶೋಧಕದ ವಿಸರ್ಜನಾ ದ್ವಾರವನ್ನು ಕೈಯಾರೆ ಮುಚ್ಚಿದರು. ಬೆನ್ನು ಮುಚ್ಚಿದ ಫ್ರಿಜ್ಜು ತಂಪು ಮಾಡುವುದಿಲ್ಲ. ಬೆನ್ನು ಮುಚ್ಚಿದ ಶೋಧಕ ಸೋಸುವುದಿಲ್ಲ. ಭಾನುವಾರದ ಕಂತು ಗಸಿಯ ಸಮೇತ ಊರಿನ ಎಲ್ಲ ಹೊಸ ಟಿವಿಗಳಿಗೆ ಹೊರಟಿತು.

ಆಮೇಲೆ ಏನೇನಾಯಿತು ಎಂಬುದು ಊರಿಗೆಲ್ಲ ಗೊತ್ತು. ಎತ್ತರದ ಮನೆಗಳಲ್ಲಿ ಜನ ನಗಲೆಂದು ಬಾಯಿ ತೆರೆದವರು ಹಾಗೆಯೇ ಕೂತರು. ಕೆಲವರು ಟಿವಿ ಆರಿಸಿದರು, ಮತ್ತೆ ಹಚ್ಚಿದರು. ದೂರು ಬರುತ್ತದೆಂದು ಹೆದರಿ ಕೂತಿದ್ದ ಕಂಪನಿಗೆ ಫೋನುಗಳು ಬಂದವು, ಆದರೆ ಎಲ್ಲರೂ ಕೇಳಿದ್ದು ಒಂದೇ: ಆ ಮಗು ಅಪ್ಪನ ಹತ್ತಿರ ಬಂತಾ? ಡಾಕ್ಟರನ್ನು ಕೆಲಸದಿಂದ ತೆಗೆಯುವ ಆದೇಶ ಬರೆದಿಟ್ಟಿದ್ದವರು ಅದನ್ನು ಹರಿದು ಹಾಕಿದರು. ತಿಂಗಳೊಳಗೆ 'ಸೋಸದ ಕನಸು, ನಮ್ಮಲ್ಲಿ ಮಾತ್ರ' ಎಂದು ಬೀದಿಬೀದಿಯಲ್ಲಿ ಫಲಕಗಳು ಎದ್ದವು. ನೋವಿಗೂ ಗಿರಾಕಿ ಇದ್ದಾನೆ ಎಂದು ತಿಳಿದ ಮೇಲೆ ಅವರಿಗೆ ಇನ್ನೇನು ಬೇಕು? ಮೈಲಾರಪ್ಪನನ್ನು ಹುಡುಕಿಕೊಂಡು ಬಂದರು. ಅವನು ಟೋಪಿ ಹಾಕಿಕೊಳ್ಳಲು ಒಪ್ಪಲಿಲ್ಲ.

ಒಪ್ಪದೆ ಇದ್ದದ್ದಕ್ಕೆ ಕಾರಣ ಆ ಭಾನುವಾರದ ಸಂಜೆ.

ಊರೆಲ್ಲ ಟಿವಿಯ ಮುಂದಿತ್ತು. ಬೀದಿಗಳು ಖಾಲಿಯಾಗಿದ್ದವು. ಹೊಂಬಿಸಿಲು ಗೋಡೆಗಳ ಮೇಲೆ ತೇಲುತ್ತಿತ್ತು, ಇಡೀ ಊರನ್ನು ಯಾರೋ ನಿದ್ದೆಯಲ್ಲಿ ಕಾಣುತ್ತಿರುವ ಹಾಗೆ. ಮೈಲಾರಪ್ಪ ಹೊಸ್ತಿಲ ಮೇಲೆ ಕೂತಿದ್ದ. ಬೀದಿಯ ಆ ತುದಿಯಿಂದ ಒಂದು ಹುಡುಗಿ ಬರುತ್ತಿದ್ದಳು. ತನಗೆ ಕನಸು ಬೀಳುವುದಿಲ್ಲವೆಂದು ಗೊತ್ತಿದ್ದುದರಿಂದ ಅದು ನಿಜವೇ ಇರಬೇಕು ಅಂದುಕೊಂಡ.

ರಮಾ ಬಂದು ಅವನ ಪಕ್ಕ ಹೊಸ್ತಿಲ ಮೇಲೆ ಕೂತಳು. ಕತ್ತರಿಸಿದ್ದ ಅವಳ ಜಡೆಯ ತುದಿ ಮತ್ತೆ ಬೆಳೆದಿತ್ತು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಇಬ್ಬರಿಗೂ ಅದು ಚೆನ್ನಾಗಿ ಬರುತ್ತಿತ್ತು.

"ಟಿವಿ ನೋಡಲ್ವ?" ಎಂದ ಕೊನೆಗೆ.

"ನಾನು ಮೊದಲೇ ನೋಡಿದೀನಿ."

"ಏನು ನೋಡಿದೆ?"

ಅವಳು ಅಚ್ಚರಿಯಿಂದ ಅಪ್ಪನ ಮುಖ ನೋಡಿದಳು. "ನಿಂದೇ ಕನಸು. ನಿಂಗೆ ಗೊತ್ತಿಲ್ವ?"

ಅವನು ಇಲ್ಲವೆಂದು ತಲೆಯಾಡಿಸಿದ. ನನಗೆ ಒಂದೂ ಉಳಿಸಿಲ್ಲ ಎಂದ.

ಆಗ ರಮಾ ಹೇಳತೊಡಗಿದಳು. ಅದೊಂದು ಮಂಡಕ್ಕಿಯ ಹೊಳೆ. ದಡವೇ ಇಲ್ಲ, ಎಲ್ಲಿ ನೋಡಿದರೂ ಬೆಳ್ಳಗೆ, ಬೆಚ್ಚಗೆ, ಹೆಜ್ಜೆ ಇಟ್ಟರೆ ಸರಸರ ಸದ್ದು. ಅಪ್ಪ ಅದರಲ್ಲಿ ನಡೆಯುತ್ತಾ ಇದ್ದಾನೆ, ಅವಳು ಅವನ ಹೆಗಲ ಮೇಲಿದ್ದಾಳೆ. ಮಂಡಕ್ಕಿ ಹಗುರ ಅಲ್ವ ಅಪ್ಪ, ಅದು ಹೊರಲ್ಲ, ನೀನು ಇಳೀತಾನೇ ಇದ್ದೆ. ಮೊದಲು ಮೊಣಕಾಲು. ಆಮೇಲೆ ಸೊಂಟ. ಆಮೇಲೆ ಎದೆ. ನೀನು ಏನೋ ಹೇಳ್ತಿದ್ದೆ, ತುಂಬ ಹೇಳ್ತಿದ್ದೆ, ನಿಲ್ಲಿಸ್ತಾನೇ ಇರಲಿಲ್ಲ. ಆದರೆ ಮಂಡಕ್ಕಿ ಸದ್ದಿನಲ್ಲಿ ನನಗೆ ಒಂದೂ ಕೇಳಿಸ್ಲಿಲ್ಲ. ಆಮೇಲೆ ಬರೀ ನಿನ್ನ ಕೈ ಕಾಣ್ತಿತ್ತು, ನನ್ನ ಎರಡೂ ಪಾದ ಹಿಡ್ಕೊಂಡಿದ್ದು.

"ಆಮೇಲೆ?" ಎಂದ ಮೈಲಾರಪ್ಪ.

"ಅಷ್ಟೇ. ಎಚ್ಚರ ಆಗಿಬಿಡ್ತಿತ್ತು. ದಿನಾ ಅಲ್ಲೇ ಎಚ್ಚರ ಆಗೋದು." ಅವಳು ಪಾವಡೆಯ ಅಂಚನ್ನು ಬೆರಳಿಗೆ ಸುತ್ತಿದಳು. "ನೀನು ಏನು ಹೇಳ್ತಿದ್ದೆ ಅಪ್ಪ?"

ಅವನಿಗೆ ಗೊತ್ತಿರಲಿಲ್ಲ. ಅವನ ಕನಸು ಅವಳ ಹತ್ತಿರವಿತ್ತು, ಅವನ ಹತ್ತಿರ ಏನೂ ಇರಲಿಲ್ಲ. ಮಗಳು ಕಾಯುತ್ತಿದ್ದಳು. ಅವನು ಎರಡು ಸಲ ಕೆಮ್ಮಿದ, ಬೀದಿಯ ಕಡೆ ನೋಡಿದ, ಮತ್ತೆ ಅವಳ ಕಡೆ ತಿರುಗಿದ.

"ಏನು ಹೇಳ್ತಿದ್ದೆ ಅಂದ್ರೆ," ಎಂದು ಶುರುಮಾಡಿದ, ಮುಂದಿನ ಮಾತು ಯಾವುದೆಂದು ಅವನಿಗೇ ಗೊತ್ತಿಲ್ಲದೆ, "ನೀನು ಹುಟ್ಟಿದ ದಿನ ಭಟ್ಟಿಗೆ ರಜಾ ಇತ್ತು ಮಗ. ಬೆಳಗ್ಗೆ ಬೆಳಗ್ಗೆ ನಿಮ್ಮವ್ವ ನನ್ನ ಕರೆದು..."

ದೀಪ ಹಚ್ಚುವ ಹೊತ್ತು ದಾಟಿದರೂ ಅವನು ಹೇಳುತ್ತಲೇ ಇದ್ದ.