ಅತ್ತೆ ತೀರಿಕೊಂಡ ದಿನಾಂಕ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ವೃದ್ಧೆ ಕುರ್ಚಿ ಎಳೆದು ಕೂತು, ಊರುಗೋಲನ್ನು ಇನ್‌ಸ್ಪೆಕ್ಟರರ ಮೇಜಿಗೆ ಒರಗಿಸಿ, ತಾವು ಸತ್ತಿರುವುದಾಗಿ ತಿಳಿಸಿದರು.

"ಯಾವಾಗ?" ದಫೇದಾರ ಬಾಯಿತಪ್ಪಿ ಕೇಳಿಬಿಟ್ಟ.

"ಹೋದ ತಿಂಗಳು ಹನ್ನೊಂದಕ್ಕೆ. ಪಿಂಚಣಿ ಬರ್ಲಿಲ್ಲ ಅಂತ ಬ್ಯಾಂಕಿಗೆ ಫೋನ್ ಮಾಡಿದ್ರೆ, 'ಅವರು ತೀರ್ಕೊಂಡ್ರಲ್ಲ, ನೀವ್ಯಾರು?' ಅಂತಾರೆ."

ಮರಣ ಪ್ರಮಾಣಪತ್ರದ ನಕಲನ್ನು ಬ್ಯಾಂಕಿನಿಂದ ತರಿಸಿಕೊಂಡಿದ್ದರು. ಕಾರಣ: ವಯೋಸಹಜ. ಟೆಲಿಫೋನ್ ಕಚೇರಿಯ ನಿವೃತ್ತ ಮೇಲ್ವಿಚಾರಕಿಗೆ ಸತ್ತದ್ದಕ್ಕಿಂತ ಆ ಪದವೇ ಹೆಚ್ಚು ನೋಯಿಸಿದಂತಿತ್ತು.

"ಎಪ್ಪತ್ತೊಂಬತ್ತು ಒಂದು ವಯಸ್ಸಾ ಸಾರ್?"

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಅಣ್ಣನ ಮಗಳ ಮೇಲಂತೂ ಇಲ್ಲ. ಮಂಡಿ ಹಿಡ್ಕೊಂಡಾಗಿಂದ, ಹನ್ನೊಂದು ವರ್ಷ, ಬ್ಯಾಂಕು, ತೆರಿಗೆ, ವಿಮೆ ಎಲ್ಲಾ ಅವಳದೇ ಓಡಾಟ. ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದೀನಿ. ಬಂಗಾರದಂಥ ಹುಡುಗಿ."

ಬಂಗಾರದಂಥ ಹುಡುಗಿಗೆ ಐವತ್ತೆರಡು ವರ್ಷ.

10.55ಕ್ಕೆ ಎಫ್‌ಐಆರ್ ಆಯಿತು. 12.15ಕ್ಕೆ ಜನನ–ಮರಣ ನೋಂದಣಿ ಕಚೇರಿಯಲ್ಲಿ ಮೂಲ ಅರ್ಜಿ ಸಿಕ್ಕಿತು. 'ಮಾಹಿತಿ ನೀಡಿದವರು' ಎಂಬಲ್ಲಿ ಅಣ್ಣನ ಮಗಳ ಸಹಿ, ವಿಳಾಸ, ಫೋನ್ ನಂಬರು, ಒಂದನ್ನೂ ಮುಚ್ಚಿಟ್ಟಿರಲಿಲ್ಲ. ಕೆಳಗೆ ಸಾವನ್ನು ದೃಢೀಕರಿಸಿದ ವೈದ್ಯರ ಸಹಿ. ಕುಟುಂಬದ ಆ ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

"ನಂದಲ್ಲ. ನಂದು ಇಷ್ಟು ಚೆನ್ನಾಗಿರಲ್ಲ."

"ದುಡ್ಡು ನುಂಗಿದಾಳೆ ಸಾರ್," ಎಂದ ದಫೇದಾರ ಜೀಪಿನಲ್ಲಿ.

ಬ್ಯಾಂಕ್ ಮ್ಯಾನೇಜರ್ ಲೆಕ್ಕ ತೆಗೆದು ತೋರಿಸಿದರು. ಒಂದು ಪೈಸೆ ಆಚೀಚೆ ಆಗಿರಲಿಲ್ಲ. ಹನ್ನೆರಡನೇ ತಾರೀಖು ಅಣ್ಣನ ಮಗಳೇ ಬಂದು, ಪ್ರಮಾಣಪತ್ರದ ಜೊತೆಗೆ ಚೆಕ್‌ಬುಕ್ಕನ್ನೂ ಪವರ್ ಆಫ್ ಅಟಾರ್ನಿಯನ್ನೂ ಒಪ್ಪಿಸಿ ರಸೀದಿ ಪಡೆದಿದ್ದಳು.

"ತುಂಬಾ ಶಾಂತವಾಗಿದ್ರು. ನಾನು ದುಃಖ ಅಂದ್ಕೊಂಡೆ," ಎಂದರು ಮ್ಯಾನೇಜರ್.

ಹೊರಗೆ ಬಂದ ಇನ್‌ಸ್ಪೆಕ್ಟರ್ ಜೀಪು ಹತ್ತದೆ ನಿಂತರು. "ಬರೆದುಕೊಟ್ಟವರು ಸತ್ತ ಗಳಿಗೆಗೇ ಪವರ್ ಆಫ್ ಅಟಾರ್ನಿಗೆ ಬೆಲೆ ಇಲ್ಲ ಕಣಯ್ಯ. ಕಳ್ಳಿ ಆಗಿದ್ರೆ ಅತ್ತೆ ನೂರು ವರ್ಷ ಬಾಳ್ಲಿ ಅಂತಿದ್ದಳು."

ಇಪ್ಪತ್ತಾರು ವರ್ಷದ ಸೇವೆಯಲ್ಲಿ ಏನೂ ಕದಿಯದ ಮೋಸವನ್ನು ದಫೇದಾರ ಕಂಡಿರಲಿಲ್ಲ.

ಬುಧವಾರ ಬೆಳಿಗ್ಗೆ 9ಕ್ಕೆ ಪಂಚರೊಂದಿಗೆ ಅಣ್ಣನ ಮಗಳ ಮನೆಗೆ ಹೋದಾಗ ಆಕೆಯೇ ಬಾಗಿಲು ತೆರೆದಳು. ಕನ್ನಡಕದಂಗಡಿಯ ಕೆಲಸಕ್ಕೆ ಹೊರಟು ನಿಂತಿದ್ದಳು.

"ಬನ್ನಿ. ಯಾವ ಫೈಲ್ ಬೇಕು?"

ಕಪಾಟಿನಲ್ಲಿ ಚೀಟಿ ಅಂಟಿಸಿದ ಹದಿನಾಲ್ಕು ಫೈಲುಗಳು, ಎಲ್ಲವೂ ಅತ್ತೆಯವು. 'ನನ್ನದು' ಎಂದಿದ್ದ ಹದಿನೈದನೆಯದರಲ್ಲಿ ಒಂದೇ ಕಾಗದ. ಮುಂದೆ ಆಕೆಯ ಕೈಬರಹ, ಹಿಂದೆ ಬೇರೆಯವರ ಬರಹದಲ್ಲಿ ಮಾತ್ರೆಗಳ ಪಟ್ಟಿ.

"ಇದೇನು?"

"ನಾಲ್ಕು ವರ್ಷದ ಹಿಂದಿನದು. ನಂಗಿನ್ನು ಆಗಲ್ಲ ಅತ್ತೆ, ಬೇರೆ ಯಾರಿಗಾದ್ರೂ ವಹಿಸಿ ಅಂತ ಬರೆದಿದ್ದೆ. ಓದಿ, 'ಆಮೇಲೆ ನೋಡೋಣ' ಅಂದ್ರು. ಹಿಂದ್ಗಡೆ ಖಾಲಿ ಇತ್ತಲ್ಲ, ಪಟ್ಟಿ ಬರೆದು ಕೈಗಿಟ್ರು."

"ತಂದ್ಕೊಟ್ರಾ?"

"ತಂದ್ಕೊಟ್ಟೆ."

ದಫೇದಾರ ಕಾಗದದ ಎರಡೂ ಬದಿಯನ್ನು ಪಂಚನಾಮೆಯಲ್ಲಿ ಬರೆದುಕೊಂಡ.

"ಹನ್ನೊಂದನೇ ತಾರೀಖೇ ಯಾಕೆ?"

"ಅವರು ಬದುಕಿದಾರೆ ಅಂತ ವರ್ಷಕ್ಕೊಂದ್ಸಲ ಬರೆದುಕೊಡ್ಬೇಕು. ಅವತ್ತು ಆ ಫಾರಂಗೇ ಸೇವಾ ಕೇಂದ್ರಕ್ಕೆ ಹೋಗಿದ್ದೆ. ಪಕ್ಕದ ಕಟ್ಟಲ್ಲಿ ಇನ್ನೊಂದು ಫಾರಂ ಇತ್ತು. ಅದರಲ್ಲಿ ತುಂಬೋದು ಕಡಿಮೆ."

"ಅವರಿಗೆ ಗೊತ್ತಾಗುತ್ತೆ ಅನ್ನಿಸ್ಲಿಲ್ವಾ?"

"ಗೊತ್ತಿತ್ತು. ಅಲ್ಲಿವರೆಗಾದ್ರೂ ಅಂತ. ಮೂರು ವಾರ ಸಿಕ್ತು."

11.40ಕ್ಕೆ ಬಂಧನ. ಠಾಣೆಯಲ್ಲಿ ಕಾಯುತ್ತಿದ್ದ ಅತ್ತೆಗೆ ವಿಷಯ ತಿಳಿಸಿದಾಗ ಊರುಗೋಲು ಕೈಯಿಂದ ಜಾರಿತು. ಅದನ್ನು ಎತ್ತಿಕೊಟ್ಟದ್ದು ಆರೋಪಿಯೇ. ಅತ್ತೆ ಅದನ್ನು ತೆಗೆದುಕೊಂಡು ಇನ್‌ಸ್ಪೆಕ್ಟರರತ್ತ ತಿರುಗಿದರು.

"ಹಾಗಾದ್ರೆ ನಾನು ಬದುಕಿದೀನಿ ಅಂತ ಅರ್ಜಿ ಯಾರು ಹಾಕ್ತಾರೆ? ಅದೆಲ್ಲ ಇವಳಿಗೇ ಗೊತ್ತು. ಒಂದು ಗಂಟೆ ಬಿಡಿ ಸಾರ್."

ಆರೋಪಿ ತಲೆಯೆತ್ತಿದಳು. "ಬಂಧನದಲ್ಲಿರೋರು ಇನ್ನೊಬ್ಬರ ಪರವಾಗಿ ಸಹಿ ಹಾಕ್ಬಹುದಾ ಸಾರ್?"

ಕಾನೂನು ಈ ವಿಷಯದಲ್ಲಿ ಅಷ್ಟೇನೂ ಖಚಿತವಾಗಿಲ್ಲ ಎಂಬುದು ಇನ್‌ಸ್ಪೆಕ್ಟರರಿಗೆ ಗೊತ್ತಿತ್ತು.

"ಹಾಕೋ ಹಾಗಿಲ್ಲ," ಎಂದರು.

ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಮಹಿಳಾ ಪೇದೆ ಬಂಧನದ ಮೆಮೊ ಮುಂದಿಟ್ಟಾಗ ಸಹಿ ಮಾಡಿ, ರೂಢಿಬಲದಿಂದ ಕೆಳಗೆ 'ಅತ್ತೆಯವರ ಪರವಾಗಿ' ಎಂದು ಬರೆದಳು. ಕ್ಷಣಹೊತ್ತು ಅದನ್ನು ನೋಡಿದಳು. ಆಮೇಲೆ ನಿಧಾನವಾಗಿ, ಗೆರೆ ಡೊಂಕಾಗದಂತೆ, ಹೊಡೆದುಹಾಕಿದಳು.